ನಂಗಲಿಯಲ್ಲಿ ನಿಂತ ಬಸ್ಸಿನ ವಿಚಾರವಾಗಿ

ಮುಳಬಾಗಿಲು,
೧೯೪೪ನೇ ಇಸವಿ, ಫೆಬ್ರವರಿ ತಿಂಗಳು

ಎರಡೇ ಎರಡು ಬಸ್ಸುಗಳಿಂದ ಮುಳಬಾಗಿಲು, ಕೋಲಾರ, ಶ್ರೀನಿವಾಸಪುರಗಳ ಸಮಸ್ತ ಪ್ರಜೆಗಳಿಗೂ ತಾಳ್ಮೆಯನ್ನು ಕಲಿಸಿಕೊಟ್ಟಿರುವ ಮೋಟಾರು ಸರ್ವೀಸಿನ ಮಾಲೀಕರಾದ ಶ್ರೀಮಾನ್ ಗಂಗುಲಪ್ಪನವರ ಸಮ್ಮುಖಕ್ಕೆ,

ಮಾನ್ಯರೇ,

ಮಿಡ್ಲ್ ಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಕೋದಂಡರಾಮಪ್ಪನು ಕೈಮುಗಿದು ಮಾಡಿಕೊಳ್ಳುವ ಅರಿಕೆ. ಇದೇ ವಿಷಯವಾಗಿ ತಮಗೆ ಬರೆದ ಮೂರು ಖಾಸಗಿ ಪತ್ರಗಳಿಗೆ ಉತ್ತರ ಬಾರದಿರುವುದರಿಂದ, ಅವು ತಮ್ಮ ಬಸ್ಸಿನಲ್ಲಿಯೇ ಪ್ರಯಾಣ ಮಾಡುತ್ತಿರಬೇಕೆಂದು ತಿಳಿದು, ಈ ನಾಲ್ಕನೆಯದನ್ನು ಬಸ್ ಸ್ಟ್ಯಾಂಡಿನ ಕಂಬಕ್ಕೇ ಅಂಟಿಸುತ್ತಿದ್ದೇನೆ. ಬಸ್ಸಿಗಾಗಿ ಕಾಯುವವರಿಗೆ ಇದನ್ನು ಆದ್ಯಂತವಾಗಿ ಓದುವಷ್ಟು ಬಿಡುವನ್ನು ತಾವು ಎಂದೂ ಕಡಿಮೆ ಮಾಡಿದವರಲ್ಲ.

ನಮ್ಮ ತಾಯಿ ಮುನಿಯಲ್ಲಮ್ಮನವರಿಗೆ ಎಪ್ಪತ್ತೈದು ತುಂಬಿದ ದಿನ, ಮನೆಯ ಹದಿನೇಳು ಮಂದಿಯೂ ಒಟ್ಟಿಗೆ ಹೊರಟು, ಕುರುಡುಮಲೆಯ ಗಣಪತಿಗೆ ಮೊದಲು ಕೈಮುಗಿದು, ದಾರಿಯಲ್ಲಿರುವ ನೆಂಟರನ್ನೆಲ್ಲ ಮಾತಾಡಿಸಿಕೊಂಡು, ತಿರುಪತಿಗೆ ಹೋಗಿಬರಬೇಕೆಂದು ಅವರು ಆಸೆಪಟ್ಟದ್ದು ತಮಗೆ ತಿಳಿದೇ ಇದೆ. ಹದಿನೇಳು ಮಂದಿಗೆ ಎತ್ತಿನಗಾಡಿ ಸಾಲದು, ರೈಲು ನೆಂಟರ ಮನೆಯ ಮುಂದೆ ನಿಲ್ಲದು. ಆದ್ದರಿಂದ, ಸೀಟುಗಳನ್ನು ತೆಗೆದು ಹಲಗೆ ಹಾಸಿ, ಅಡಿಗೆಗೂ ಮಲಗುವುದಕ್ಕೂ ಅನುಕೂಲ ಮಾಡಿದ ಬಸ್ಸೊಂದು ತಮ್ಮ ಶೆಡ್ಡಿನಲ್ಲಿ ಇದೆಯೆಂದು ಕೇಳಿ ನಾವು ತಮ್ಮಲ್ಲಿಗೆ ಬಂದೆವು. ಬಾಡಿಗೆಗೆ ತೆಗೆದುಕೊಳ್ಳುವುದೋ, ಕೊಂಡೇಬಿಡುವುದೋ ಎಂಬ ಪ್ರಶ್ನೆ ಅಂದು ನಮ್ಮ ಮನೆಯನ್ನು ಹೊಕ್ಕದ್ದು ಇಂದಿಗೂ ಹೊರಗೆ ಹೋಗಿಲ್ಲ.

ಸ್ವಂತದ ಬಸ್ಸಿದ್ದರೆ ಯಾರ ಮದುವೆಗೂ ಮುಂಚಿತವಾಗಿ ಹೋಗಬಹುದೆಂದು ನಮ್ಮ ಅಣ್ಣನ ವಾದ. ಬಾಡಿಗೆಯದಾದರೆ ಯಾರ ಮದುವೆಗೂ ಹೋಗದೆ ತಪ್ಪಿಸಿಕೊಳ್ಳಬಹುದೆಂದು ನನ್ನ ಹೆಂಡತಿ ಅನಸೂಯಮ್ಮನ ಪ್ರತಿವಾದ. ಮೂರು ಸಂಜೆ ಜಗಲಿಯಲ್ಲಿ ಕೂತರೂ ತೀರ್ಮಾನವಾಗದೆ, ಕಡೆಗೆ ನಾನು ತಮ್ಮ ಬಸ್ಸಿನ ಉದ್ದಗಲಗಳನ್ನು ಅಳೆದು ತಂದು, ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅದರ ಆಕಾರವನ್ನು ಬರೆದು, ಹದಿನೇಳು ಮಂದಿಯನ್ನೂ ಬೆಳಗಿನಿಂದ ಅದರೊಳಗೆ ಕೂರಿಸಿದೆ. ಹೊತ್ತು ನೆತ್ತಿಗೆ ಬರುವ ವೇಳೆಗೆ ಇಬ್ಬರು ನಾದಿನಿಯರು ಮಾತು ಬಿಟ್ಟಿದ್ದರು. ಸಿಟ್ಟಿನಿಂದ ಎದ್ದ ಅಣ್ಣ ಗೆರೆಯನ್ನು ದಾಟಿ ಹೊರಟಾಗ ನಮ್ಮ ತಾಯಿ, “ಲೋ, ಕಿಟಕೀಲಿ ಯಾಕೆ ಇಳೀತೀಯೋ? ಬಾಗಿಲಲ್ಲಿ ಇಳಿ!” ಎಂದು ಗದರಿದರು. ಆತ ಹಿಂದಕ್ಕೆ ಬಂದು ಬಾಗಿಲಿನಲ್ಲಿಯೇ ಇಳಿದ. ಇದನ್ನು ಕೇಳಿದ ತಾವು, “ಎಂಟು ದಿನ ಇಟ್ಕೊಂಡು ನೋಡಿ ಮೇಷ್ಟ್ರೇ, ಮನಸ್ಸಿಗೆ ಬಂದ್ರೆ ತಗೊಳ್ಳಿ, ಇಲ್ಲಾಂದ್ರೆ ತಂದು ಬಿಟ್ಟುಬಿಡಿ” ಎಂದು ಅಪ್ಪಣೆ ಕೊಡಿಸಿದಿರಿ. ತಂದು ಬಿಡುವುದಕ್ಕೆ ಬಸ್ಸೂ ಒಪ್ಪಬೇಕೆಂಬ ಅಂಶವನ್ನು ತಾವು ಹೇಳಲಿಲ್ಲ, ನಾವು ಕೇಳಲಿಲ್ಲ.

ಬಸ್ಸಿನ ಗುಣಗಳನ್ನು ವರ್ಣಿಸಲು ನನ್ನಿಂದ ಸಾಧ್ಯವಿಲ್ಲ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದ ಈ ಕಾಲದಲ್ಲಿ, ಬೆನ್ನಿಗೆ ಕಟ್ಟಿದ ಪೀಪಾಯಿಯಲ್ಲಿ ಇದ್ದಲು ಉರಿಸಿಕೊಂಡು ಅದರ ಹೊಗೆಯಿಂದಲೇ ಓಡುವ ಆ ವಾಹನವು, ಹೊರಡುವುದಕ್ಕೆ ಮುಂಚೆ ಒಂದು ಗಂಟೆ ಕಾಲ ನಮ್ಮ ಅಣ್ಣನ ಕೈಯಿಂದ ಗಾಳಿಯಂತ್ರದ ಹಿಡಿ ತಿರುಗಿಸಿಕೊಂಡು ಆತನ ಹೊಟ್ಟೆಯನ್ನು ಎರಡೇ ದಿನದಲ್ಲಿ ಇಳಿಸಿತು. ಅದರ ಹಾರ್ನು ಎಡಕ್ಕೆ ತಿರುಗುವಾಗ ಮಾತ್ರ, ಯಾರೂ ಒತ್ತದೆಯೇ ಕೂಗುತ್ತಿದ್ದುದರಿಂದ ಬಲಗಡೆಯ ಜನಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಕುರುಡುಮಲೆಯ ಏರಿನಲ್ಲಿ ನಾವೆಲ್ಲ ಇಳಿದು ನಡೆದು, ಬಸ್ಸಿಗಿಂತ ಮುಂಚೆಯೇ ದೇವಸ್ಥಾನವನ್ನು ಸೇರಿ, ಹಣ್ಣುಕಾಯಿ ಮಾಡಿಸಿ, ಅದನ್ನು ಎದುರುಗೊಳ್ಳಲು ಹಿಂದಕ್ಕೆ ಬಂದೆವು.

ಎರಡನೆಯ ದಿನ ನಂಗಲಿಯಲ್ಲಿ ಅದು ನಿಂತಿತು. ತಮ್ಮ ಡ್ರೈವರ್ ಕದಿರೇಶ ಇಳಿದು ನೋಡಿದರೆ ಇದ್ದಲಿನ ಮೂಟೆ ಖಾಲಿ. ತಪ್ಪನ್ನು ನಾನು ಮುಚ್ಚಿಡುವುದಿಲ್ಲ: ಅದರಲ್ಲಿ ಮುಕ್ಕಾಲು ಪಾಲು, ಹದಿನೇಳು ಮಂದಿಯ ಮುದ್ದೆಗೂ ಹುರುಳಿ ಸಾರಿಗೂ ಖರ್ಚಾಗಿತ್ತು. ಕದಿರೇಶ ತಲೆ ಚಚ್ಚಿಕೊಂಡಾಗ ಅನಸೂಯಮ್ಮ, “ಬಸ್ಸಿಗೆ ಹಸಿವಾದ್ರೆ ಸುಮ್ನೆ ನಿಂತ್ಕೊಳ್ತದೆ, ಮಕ್ಕಳಿಗೆ ಹಸಿವಾದ್ರೆ ನಿಂತ್ಕೊಳ್ತವೇನಪ್ಪಾ?” ಎಂದು ಕೇಳಿದಳು.

ಆದರೆ ಮಾನ್ಯರೇ, ನಿಲ್ಲುವುದಕ್ಕೆ ಇಡೀ ರಸ್ತೆಯೇ ಇರುವಾಗ ಅದು ನಿಂತದ್ದು ನಮ್ಮ ಚಿಕ್ಕಮ್ಮ ಚಿಕ್ಕಗಂಗಮ್ಮನ ಮನೆಯ ಎದುರಿಗೆ. ನೆಂಟರ ಪಟ್ಟಿಯಲ್ಲಿ ನಾವು ಬೇಕೆಂದೇ ಬಿಟ್ಟಿದ್ದ ಹೆಸರು ಅದೊಂದೇ. ಇಪ್ಪತ್ತಾರು ವರ್ಷದ ಕೆಳಗೆ ಗಾಡಿಯಲ್ಲಿ ಬರುವಾಗ, ಗಾಳಿ ಬರುವ ಮುಂದಿನ ಜಾಗದಲ್ಲಿ ಯಾರು ಕೂರಬೇಕೆಂದು ಅಕ್ಕ ತಂಗಿಯರಿಗೆ ಜಗಳವಾಗಿ, ಚಿಕ್ಕಮ್ಮ ನಡುದಾರಿಯಲ್ಲಿ ಧುಮುಕಿ ನಡೆದೇ ಊರು ಸೇರಿದವರು, ಆಮೇಲೆ ನಮ್ಮ ತಂದೆಯ ಸಾವಿಗೂ ಬಂದಿರಲಿಲ್ಲ. ಚಿಕ್ಕಪ್ಪ ತೀರಿಕೊಂಡಾಗ ನಮ್ಮ ತಾಯಿಯೂ ಹೋಗಲಿಲ್ಲ.

ಬಸ್ಸಿನ ಮಸಿಯೆಲ್ಲ ಅಂಗಳದಲ್ಲಿ ಒಣಹಾಕಿದ್ದ ಹುಣಸೆಹಣ್ಣಿನ ಮೇಲೆ ಕೂತದ್ದನ್ನು ಕಂಡು, ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಬೈಗುಳಗಳೊಡನೆ ಪೊರಕೆ ಹಿಡಿದು ಚಿಕ್ಕಮ್ಮ ಹೊರಗೆ ಬಂದರು. ಡ್ರೈವರನ ಪಕ್ಕದ ಬೆಂಚಿನಲ್ಲಿ ಕೂತಿದ್ದ ನಮ್ಮ ತಾಯಿಯನ್ನು ನೋಡಿದರು.

“ಇನ್ನೂ ಮುಂದೇನೇ ಕೂತಿದೀಯಾ?” ಎಂದರು ಚಿಕ್ಕಮ್ಮ.

“ಹಿಂದೆ ಹೊಗೆ ಕಣೇ,” ಎಂದರು ನಮ್ಮ ತಾಯಿ. ಪಕ್ಕಕ್ಕೆ ಸರಿದು, “ಹತ್ತು. ಇಬ್ಬರಿಗೆ ಜಾಗ ಐತೆ,” ಎಂದರು.

ಚಿಕ್ಕಮ್ಮ ಪೊರಕೆಯ ಸಮೇತ ಹತ್ತಿದರು. ಆಮೇಲೆ ಇಳಿದಿಲ್ಲ. ಸ್ನಾನಕ್ಕೂ ಅಡಿಗೆಗೂ ಎದುರಿನ ಮನೆಗೆ ಹೋಗುವುದನ್ನು ಅವರಿಬ್ಬರೂ ಇಳಿಯುವುದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾಲ್ಕನೆಯ ದಿನ ಕದಿರೇಶ ಎಲ್ಲಿಂದಲೋ ಇದ್ದಲು ತಂದ. ಅಣ್ಣ ಹಿಡಿ ತಿರುಗಿಸಿದ, ಎಂಜಿನ್ನು ಶುರುವಾಯಿತು, ನಾವು ಗೋವಿಂದಾ ಎಂದೆವು. ಇಬ್ಬರು ಮುದುಕಿಯರೂ ಏಕಕಂಠದಿಂದ ನಿಲ್ಲಿಸೋ ಎಂದು ಕೂಗಿದರು. ಏನಮ್ಮಾ, ತಿರುಪತಿ ಬೇಡವೇ ಎಂದು ನಾನು ಕೇಳಿದ್ದಕ್ಕೆ ನಮ್ಮ ತಾಯಿ, “ಹೊರಟ್ರೆ ತಲುಪ್ತೀವಿ, ತಲುಪಿದ್ರೆ ಇಳೀಬೇಕು, ಇಳಿದ್ರೆ ಇವಳು ಅವಳ ಮನೇಗೆ, ನಾನು ನಿನ್ನ ಮನೇಗೆ. ಸ್ವಾಮಿ ಎಲ್ಲಿಗೂ ಹೋಗಲ್ಲ, ಅಲ್ಲೇ ಇರ್ತಾನೆ. ನೀವು ಬೇಕಾದ್ರೆ ಹೋಗಿ ಬನ್ನಿ,” ಎಂದರು. ಅವರನ್ನು ಬಿಟ್ಟು ಹೋಗುವ ಮನಸ್ಸು ಯಾರಿಗೂ ಬರಲಿಲ್ಲ. ಉಳಿದ ಹದಿನಾರು ಮಂದಿ ಮೂರು ಎತ್ತಿನಗಾಡಿಗಳಲ್ಲಿ ಮುಳಬಾಗಿಲಿಗೆ ಹಿಂದಿರುಗಿದೆವು. ಗಾಡಿಗಳು ದಾರಿಯಲ್ಲಿ ಎಲ್ಲಿಯೂ ನಿಲ್ಲದಿದ್ದುದು ನಮಗೆ ಬಹಳ ವಿಚಿತ್ರವಾಗಿ ತೋರಿತು.

ಎಂಟು ದಿನ ಹೋಗಿ ಈಗ ಮೂವತ್ತೆಂಟು ದಿನವಾಗಿದೆ. ಬಾಡಿಗೆಯೋ ಕ್ರಯವೋ ಬೇಗ ಹೇಳಿಬಿಡಬೇಕೆಂದು ತಾವು ಆಳಿನ ಮೂಲಕ ಕೇಳಿಸುತ್ತಿದ್ದೀರಿ. ನಮ್ಮ ತಾಯಿಯನ್ನು ಕೇಳಿದರೆ, ನಿಂತಿರುವ ಬಸ್ಸಿಗೆ ಬಾಡಿಗೆ ಏತಕ್ಕೆ, ಓಡದ ಬಸ್ಸನ್ನು ಕೊಂಡು ಮಾಡುವುದೇನು ಎಂದು ನನ್ನನ್ನೇ ಪ್ರಶ್ನಿಸುತ್ತಾರೆ. ಹುಡುಗರಿಗೆ ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟ ನನಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ.

ಆದಕಾರಣ ನನ್ನ ಬಿನ್ನಹವಿಷ್ಟೆ. ತಾವು ದೊಡ್ಡ ಮನಸ್ಸು ಮಾಡಿ, ಅವರಿಬ್ಬರಿಗೂ ತಿಳಿಯದ ಹಾಗೆ, ದಿನಕ್ಕೆ ಒಂದೊಂದು ಮಾರಿನಂತೆ ಆ ಬಸ್ಸನ್ನು ಮುಳಬಾಗಿಲ ಕಡೆಗೆ ಜರುಗಿಸಿಕೊಡಬೇಕು. ಚಿಕ್ಕಮ್ಮನ ಮನೆಯನ್ನೂ ಅದೇ ವೇಗದಲ್ಲಿ ಜೊತೆಜೊತೆಗೆ ತರಿಸಬೇಕು. ಇದು ತಮ್ಮ ಸರ್ವೀಸಿನ ಈಗಿನ ವೇಗಕ್ಕಿಂತ ಹೆಚ್ಚೇನೂ ಅಲ್ಲವಾದ್ದರಿಂದ ಆಗುವುದಿಲ್ಲವೆನ್ನಬಾರದು. ಅದು ಕಷ್ಟವಾದರೆ ನಂಗಲಿಯನ್ನೇ ಊರುಸಮೇತ ಹತ್ತು ಮೈಲಿ ಈಚೆಗೆ ಸರಿಸುವ ಬಗ್ಗೆ ಮೇಲಿನವರಿಗೆ ಶಿಫಾರಸು ಮಾಡಬೇಕು.

ಒಂದು ವಿಷಯವನ್ನು ಮಾತ್ರ ಸರಳವಾಗಿ ಹೇಳುತ್ತೇನೆ. ಕಳೆದ ಭಾನುವಾರ, ಇವತ್ತು ಕರೆದುಕೊಂಡೇ ಬರುವುದೆಂದು ನಿಶ್ಚಯಿಸಿ ನಂಗಲಿಗೆ ಹೋದೆ. ಇಬ್ಬರೂ ಮುಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತು, ತಿರುಪತಿಯ ಕಡೆಗೆ ಹೋಗುವ ಲಾರಿಗಳನ್ನು ನೋಡುತ್ತ, ಯಾವ ಲಾರಿಯಲ್ಲಿ ಯಾರು ಯಾರಿಗೆ ಹೆದರಿಕೊಂಡು ಓಡಿಹೋಗುತ್ತಿದ್ದಾರೆಂದು ಕಥೆ ಕಟ್ಟುತ್ತಿದ್ದರು. ನಮ್ಮ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನನಗೀಗ ಐವತ್ತಾರು ವರ್ಷ. ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹೇಳಬೇಕೆಂದು ಹೋದ ಮಾತನ್ನು ಹೇಳದೆ, ಬಸ್ಸಿನ ಮುಂದಿನ ಗಾಜನ್ನು ಪಂಚೆಯ ಚುಂಗಿನಿಂದ ಚೆನ್ನಾಗಿ ಒರಸಿಕೊಟ್ಟು ಬಂದುಬಿಟ್ಟೆ. ಈ ವಿಷಯದಲ್ಲಿ ನನ್ನಿಂದ ಯಾವ ಸಹಾಯವನ್ನೂ ತಾವು ಇನ್ನು ನಿರೀಕ್ಷಿಸಬಾರದು.

ಇಷ್ಟಾದ ಮೇಲೂ, ಏತಕ್ಕೋ ತಿಳಿಯದೆ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕೋದಂಡರಾಮಪ್ಪ

ಮರೆತಿದ್ದ ಮಾತು: ಬಸ್ಸನ್ನು ಬಿಡಿಸಿಕೊಂಡು ಬರಲೆಂದು ತಾವು ಮೊನ್ನೆ ಶುಕ್ರವಾರ ತಮ್ಮ ಪೂಜ್ಯ ಮಾತೃಶ್ರೀ ರಾಮಲಕ್ಷ್ಮಮ್ಮನವರನ್ನು ನಂಗಲಿಗೆ ಕಳುಹಿಸಿದಿರಷ್ಟೆ. ಅವರು ಕ್ಷೇಮವಾಗಿದ್ದಾರೆ. ಉಡಲು ಎರಡು ಸೀರೆಗಳನ್ನೂ ಎಲೆಯಡಿಕೆಯ ಡಬ್ಬಿಯನ್ನೂ ಕಳುಹಿಸಿಕೊಡಬೇಕೆಂದು ಕದಿರೇಶನ ಕೈಯಲ್ಲಿ ಹೇಳಿಕಳುಹಿಸಿದ್ದಾರೆ. ಮೂವರು ಕೂರುವುದಕ್ಕೆ ಡ್ರೈವರನ ಮುಂದಿರುವ ಆ ಗುಂಡನೆಯ ಚಕ್ರ ಬಹಳ ಅಡ್ಡಿಯಂತೆ. ತಾವು ಬಂದಾಗ ಅದನ್ನು ಬಿಚ್ಚಿ ತೆಗೆದುಕೊಂಡು ಹೋಗಬೇಕಂತೆ.