ಗದ್ದಲದ ಪ್ರೊಫೆಸರು

ನಮ್ಮ ಕಾಕಾನಿಗೆ ವಿಮಾನದ ಬಗ್ಗೆ ಏನೂ ಗೊತ್ತಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ನಮಗೂ ನಿಮಗೂ ವಿಮಾನದ ಬಗ್ಗೆ ಏನು ಗೊತ್ತು ಎಂದು ನೀವು ಸಮಾಧಾನ ಮಾಡಬಹುದು. ಆದರೆ ಕಾಕಾ ವಿಮಾನಶಾಸ್ತ್ರದ ಪ್ರೊಫೆಸರು! ನನಗೆ ಬುದ್ಧಿ ಬಂದಾಗಿನಿಂದ ದೂರದ ಊರಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ಪಗಾರ ತೆಗೆದುಕೊಳ್ಳುತ್ತಿದ್ದಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ರಜೆಗೆ ಗೋಕಾಕಿನ ನಮ್ಮ ಮನೆಗೆ ಬಂದಾಗ ತಲೆಯ ಮೇಲೆ ಒಂದು ವಿಮಾನ ಹೋದರೆ ಸಾಕು, ಓಣಿಯವರು ಬಂದು ನಿಲ್ಲುತ್ತಾರೆ.

"ಸರ, ಇದು ಎಲ್ಲಿಗೆ ಹೊಂಟೈತ್ರಿ?"

"ನನಗೇನ್ ಗೊತ್ತರಿ? ನಂದು ವಿಮಾನ ಅಲ್ಲ. ವಿಮಾನದ ಸದ್ದು."

ಹೌದು, ಅವರ ಸಂಶೋಧನೆಯ ವಿಷಯ ಸದ್ದು. ಇಂಜಿನ್ನಿನ ಹಿಂದಿನಿಂದ ರಭಸವಾಗಿ ನುಗ್ಗುವ ಗಾಳಿ ಯಾಕೆ ಕೂಗುತ್ತದೆ, ಏನು ಮಾಡಿದರೆ ಸ್ವಲ್ಪ ಮೆಲ್ಲಗೆ ಕೂಗೀತು, ಇಷ್ಟೇ. ರೆಕ್ಕೆ ಅವರದಲ್ಲ. ಚಕ್ರ ಅವರದಲ್ಲ. ಒಳಗೆ ಕೂತ ಪ್ರಯಾಣಿಕರಂತೂ ಯಾರದೂ ಅಲ್ಲ! ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಈ ಪ್ರೊಫೆಸರುಗಳು ವಿಮಾನವನ್ನು ಪಾಲು ಮಾಡಿಕೊಂಡಿದ್ದಾರೆ. ಒಬ್ಬರ ಬದುವನ್ನು ಇನ್ನೊಬ್ಬರು ದಾಟುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಕಾಕಾನ ಕ್ವಾರ್ಟರ್ಸಿಗೆ ಹೋಗಿದ್ದೆ. ಅವರ ಜೊತೆಗಾರರು ಮೂವರು ಊಟಕ್ಕೆ ಬಂದಿದ್ದರು. ಒಬ್ಬರದು ಬೆಂಕಿ: ಇಂಧನ ಹೇಗೆ ಉರಿಯುತ್ತದೆ ಎಂಬುದು. ಇನ್ನೊಬ್ಬರದು ನಡುಕ: ಯಾವ ಗಾಳಿಗೆ ರೆಕ್ಕೆ ಅದುರುತ್ತದೆ ಎಂಬುದು. ಮೂರನೆಯವರದು ಕಾವು: ಲೋಹ ಎಷ್ಟು ಬಿಸಿ ತಡೆದೀತು ಎಂಬುದು. ಕಾಕು, ಅಂದರೆ ಕಾಕಾನ ಹೆಂಡತಿ, ಅನ್ನಕ್ಕೆ ಕುಕ್ಕರ್ ಇಟ್ಟು, "ಸೀಟಿ ಆದ್ರ ಬಂದ್ ಮಾಡ್ರಿ" ಎಂದು ಹೇಳಿ, ನನ್ನನ್ನು ಕರೆದುಕೊಂಡು ಮೊಸರು ತರಲು ಹೋದರು. ಬರುವಷ್ಟರಲ್ಲಿ ಮನೆ ತುಂಬ ಸೀದ ವಾಸನೆ. ಅಡುಗೆಮನೆಯಲ್ಲಿ ನಾಲ್ವರೂ ಕುಕ್ಕರಿನ ಸುತ್ತ ನಿಂತಿದ್ದರು. ಒಬ್ಬರು ಬಗ್ಗಿ ಉರಿಯ ಬಣ್ಣ ನೋಡುತ್ತಿದ್ದರು. ಒಬ್ಬರು ಕಟ್ಟೆಯ ಮೇಲೆ ಅಂಗೈ ಊರಿ ನಡುಕ ಹಿಡಿಯುತ್ತಿದ್ದರು. ಇನ್ನೊಬ್ಬರು ಮುಚ್ಚಳದತ್ತ ಕೈ ಚಾಚಿ ಕಾವು ಅಂದಾಜು ಮಾಡುತ್ತಿದ್ದರು. ಕಾಕಾ ಕಣ್ಣು ಮುಚ್ಚಿ ಸೀಟಿ ಕೇಳುತ್ತಿದ್ದರು.

ಕಾಕು ಒಲೆ ಆರಿಸಿ ಕೇಳಿದರು: "ಅಲ್ರಿ, ಬಂದ್ ಮಾಡೂದು ಯಾರ ಸಬ್ಜೆಕ್ಟು?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಾಕಾನೇ ಹೇಳಿದರು: "ಅದು ಕಂಟ್ರೋಲ್‌ನವರದು. ಅವರು ಇವತ್ತ ಬಂದಿಲ್ಲ."

ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದರೂ ಇದೇ ಕಥೆ. ಮಳೆಗಾಲದ ಕೆಂಪು ನೀರು ಬಂಡೆಯಿಂದ ಧುಮುಕುತ್ತಿದೆ, ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದಾರೆ. ಕಾಕಾ ಮಾತ್ರ ಫಾಲ್ಸಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಗೋವಿನಜೋಳದ ತೆನೆ ಸುಡುತ್ತಿದ್ದ ಹೆಂಗಸು ಗಾಬರಿಯಾಗಿ ಎದ್ದು ಬಂದಳು.

"ಯಣ್ಣಾ, ಚಕ್ಕರ್ ಬಂತೇನ್ರಿ?"

"ಇಲ್ಲವ್ವಾ, ಕೇಳಾಕತ್ತೇನಿ. ಈ ಸದ್ದು ಬರೇ ನೀರಿಂದಲ್ಲ. ನೀರಾಗ ಗಾಳಿ ಗುಳ್ಳಿ ಅದಾವಲ್ಲ, ಅವುಗಳದೂ ಐತಿ."

"ಹೌದೇನ್ರಿ? ಮತ್ತ ಕಣ್ಣ ತೆರದ ಒಂದು ತೆನಿ ತಗೋರಿ."

ತುಕ್ಕಾನಟ್ಟಿಯಲ್ಲಿ ನಮ್ಮ ಹೊಲದ ಬಾಜೂದವರು ಕಬ್ಬಿಗೆ ಔಷಧ ಹೊಡೆಯಲು ಡ್ರೋನ್ ತರಿಸಿದ್ದರು. ಅದು ಗುಂಯ್ ಎನ್ನುತ್ತಿತ್ತೇ ಹೊರತು ನೆಲ ಬಿಡುತ್ತಿರಲಿಲ್ಲ. ವಿಮಾನದ ಪ್ರೊಫೆಸರು ಊರಲ್ಲಿದ್ದಾರೆ ಎಂದು ಕಾಕಾನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋದರು. ಕಾಕಾ ಬಹಳ ಹೊತ್ತು ಕಿವಿಗೊಟ್ಟು ಕೇಳಿ, ತಲೆದೂಗಿ, "ಹಾರೂದು ನನಗ ತಿಳಿಯಂಗಿಲ್ಲ. ಸದ್ದು ಮಾತ್ರ ಭಾಳ ಛಲೋ ಐತ್ರಿ" ಎಂದರು.

"ಸರ, ಸದ್ದು ಕೇಳಿ ಹುಳ ಸಾಯ್ತಾವೇನ್ರಿ?" ಎಂದು ಕೇಳಿದರಂತೆ ಹೊಲದವರು.

ಇಂಥವರನ್ನು ಯಾವುದಾದರೂ ಗಂಭೀರ ಕೆಲಸಕ್ಕೆ ಕೂರಿಸಬಹುದೇ? ಆದರೂ ಕೂರಿಸಿದರು. ಅದೂ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವ, ಕನ್ಯಾ ನೋಡುವ ಕೆಲಸಕ್ಕೆ!

ಆ ದಿನಗಳಲ್ಲಿ ನನಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ವಿಷಯ ಸವಳು ಮಣ್ಣು. ಎರಡು ವಾರದೊಳಗೆ ಹೋಗಿ ಸೇರಬೇಕಿತ್ತು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. "ಲಗ್ನ ಆದಮ್ಯಾಲೂ ಓದಬಹುದಲ್ಲ" ಎಂದು ನಗುತ್ತಲೇ ಹುಕ್ಕೇರಿಯ ಗಂಡಿನವರಿಗೆ ಬರಹೇಳಿದರು. ಒಳ್ಳೆಯ ಮನೆತನ. ಹುಡುಗನ ಮೇಲೆ ಹೇಳುವಂಥ ದೂರೂ ಇಲ್ಲ. ಎರಡೂ ಕಡೆಯವರಿಗೆ ಮೊದಲೇ ಮನಸ್ಸಾಗಿದ್ದರಿಂದ ಅವತ್ತೇ ಸಕ್ಕರೆ ಕೊಟ್ಟು ಬಾಯಿ ಸಿಹಿ ಮಾಡಿ, ಮಾತು ಗಟ್ಟಿ ಮಾಡುವುದೆಂದು ಠರಾವಾಗಿತ್ತು. ಸಕ್ಕರೆ ಬಾಯಿಗೆ ಬಿದ್ದ ಮೇಲೆ ನಮ್ಮ ಕಡೆ ಯಾರೂ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ನನ್ನ ಸವಳು ಮಣ್ಣಿಗೆ ಉಳಿದದ್ದು ಅವತ್ತಿನ ಸಂಜೆಯಷ್ಟೇ.

ಶಿರಾ, ಚೂಡಾ, ಚಹಾ ಆಯಿತು. ಓದಿದವರು ಎಂದು ಹುಡುಗನ ಎದುರಿಗೇ ಕಾಕಾನನ್ನು ಕೂರಿಸಿದ್ದರು. ಅವರು ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಗಾಡಿ ಸೈಲೆನ್ಸರ್ ಒಡದೈತಿ. ಗೊತ್ತೈತೇನು?" ಅಷ್ಟು ಹೇಳಿ ಕಣ್ಣು ಮುಚ್ಚಿದರು. ಅಪ್ಪ ಬೀಗರ ಎದುರು ನಾಚಿಕೊಂಡು, "ರಾತ್ರಿ ಬಸ್ಸಿಗೆ ಬಂದಾನ್ರಿ, ನಿದ್ದಿ ಇಲ್ಲ" ಎಂದರು.

ಮಾತು ತಾರೀಖಿಗೆ ಬಂತು, ಮಂಗಲ ಕಾರ್ಯಾಲಯಕ್ಕೆ ಬಂತು. ನಾನು ಬಾಗಿಲ ಪಕ್ಕ ನಿಂತಿದ್ದೆ. ಅವ್ವ ಸಕ್ಕರೆ ಬಟ್ಟಲು ಎತ್ತಿಕೊಂಡಳು.

"ವೈನಿ, ತಡೀರಿ."

ಕಾಕಾನ ಕಣ್ಣು ಇನ್ನೂ ಮುಚ್ಚಿಯೇ ಇದ್ದವು.

"ಇಷ್ಟೊತ್ತು ಎಲ್ಲಾರ ಮಾತು ಕೇಳಿದೆ. ಮಗಳದು ಒಂದೂ ಬರಲಿಲ್ಲ."

ಅಪ್ಪ ನಕ್ಕರು. "ಏ ತಮ್ಮಾ, ಆಕೀದು ಮೊದಲಿಂದ ಮಾತು ಕಡಿಮಿ."

"ಕಡಿಮಿ ಬ್ಯಾರೆ ಅಣ್ಣಾ, ಬಂದ್ ಬ್ಯಾರೆ. ಸದ್ದು ಕಡಿಮಿ ಆದ್ರ ನಾವು ಖುಷಿ ಪಡ್ತೀವಿ. ಒಮ್ಮೆಲೆ ಬಂದ್ ಆತಂದ್ರ ಎದ್ದ ನಿಂತು ಯಾಕ ಅಂತ ನೋಡ್ತೀವಿ. ಬೆಳಿಗ್ಗಿಂದ ಆಕಿ ಬಂದ್ ಆಗ್ಯಾಳ." ಈಗ ಕಣ್ಣು ತೆರೆದು ನನ್ನತ್ತ ತಿರುಗಿದರು. "ಯಾಕ ಮಗಳ?"

ಎಲ್ಲರೂ ನನ್ನನ್ನು ನೋಡಿದರು. ಇಷ್ಟು ಜನ ಒಟ್ಟಿಗೆ ನೋಡುವುದು ನನಗೆ ಆಗಿಬರುವುದಿಲ್ಲ. ಆದರೂ ಬಾಯಿ ತೆರೆದೆ.

"ನನಗ ಈಗ ಲಗ್ನ ಬ್ಯಾಡ ಕಾಕಾ. ನಾ ಓದಾಕ ಹೋಗ್ತೀನಿ."

ಗೋಡೆ ಬೀಳಲಿಲ್ಲ. ಅವ್ವ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಹುಡುಗನ ತಾಯಿ, "ಈಗರ ಹೇಳಿದ್ಯಲ್ಲ ತಂಗಿ, ಛಲೋ ಆತು. ನಾಳೆ ನಮ್ಮ ಮನ್ಯಾಗ ಬಂದು ಅತ್ತಿದ್ರ ಏನ್ ಮಾಡೂದಿತ್ತು?" ಎಂದು ಎದ್ದರು. ಅಲ್ಲಿಯವರೆಗೆ ಚೂಡಾ ಮುಟ್ಟದೇ ಕೂತಿದ್ದ ಹುಡುಗ ತಟ್ಟೆ ಖಾಲಿ ಮಾಡಿಯೇ ಎದ್ದ. ಬಹುಶಃ ಅವನನ್ನೂ ಯಾರೂ ಕೇಳಿರಲಿಲ್ಲ! ಅಪ್ಪ ಅವತ್ತು ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ, "ಹಾಸ್ಟೆಲಿಗೆ ಗಾದಿ ಒಯ್ಯಬೇಕೇನು?" ಎಂದು ಕೇಳಿದರು. ಆಗಲೇ ನಾನು ನೆಟ್ಟಗೆ ಉಸಿರಾಡಿದ್ದು.

ಕಾಕಾನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಹೋದೆ. ಹಾರ್ನುಗಳು, ಕಂಡಕ್ಟರುಗಳ ಕೂಗು, ಸಂಕೇಶ್ವರದ ಬಸ್ಸಿಗೆ ನುಗ್ಗುವವರ ಗಲಾಟೆ. ಅವರಿಗೆ ಹಬ್ಬವೇ ಸರಿ ಎಂದುಕೊಂಡೆ. ಕಾಕಾ ನನ್ನನ್ನು ಆ ಗದ್ದಲದಿಂದ ದೂರ, ಮೂಲೆಯ ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದರು.

"ಸವಳು ಮಣ್ಣಂದ್ರ ಏನು ಮಗಳ? ನನಗ ಏನೂ ಗೊತ್ತಿಲ್ಲ. ಮೊದಲಿಂದ ಹೇಳು."

ಹೇಳತೊಡಗಿದೆ. ನೀರು ಹೆಚ್ಚಾದ ಕಬ್ಬಿನ ಹೊಲದಲ್ಲಿ ಉಪ್ಪು ಹೇಗೆ ಮೇಲೇರಿ ಬರುತ್ತದೆ, ಬೆಳ್ಳಗೆ ಹೇಗೆ ಕೂಡುತ್ತದೆ, ಬೇರು ಯಾಕೆ ಸೊರಗುತ್ತದೆ. ಅಷ್ಟು ಹೊತ್ತು ನಾನು ಯಾರ ಹತ್ತಿರವೂ ಮಾತಾಡಿದ್ದಿಲ್ಲ. ಬೆಳಗಾವಿಯ ಬಸ್ಸು ಬಂದು ನಿಂತಿತು.

"ಕಾಕಾ, ಬಸ್ಸು."

"ಹೋಗಲಿ ಬಿಡು, ಮುಂದಿನ ಬಸ್ಸಿಗೆ ಹೋಗ್ತೀನಿ. ನೀ ಹೇಳು."