ಗಜಕಡ್ಡಿಯ ಹವಾಮಾನ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ. ಪರದೆ ಮತ್ತು ಹಾಸಿಗೆಗಳ ಆ ಅಂಗಡಿಯಲ್ಲಿ ಅಲ್ಲಿಯವರೆಗೆ ಏಸಿಯ ರಿಮೋಟು ಕೈಯಿಂದ ಕೈಗೆ ತಿರುಗುತ್ತಿತ್ತು. ಒಬ್ಬರು ಹದಿನೆಂಟಕ್ಕೆ ಇಳಿಸಿದರೆ ಇನ್ನೊಬ್ಬರು ಬಾಗಿಲು ತೆರೆದಿಟ್ಟು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಬೀದಿಯನ್ನೆಲ್ಲ ತಂಪು ಮಾಡಿದ್ದು ಸಾಕೆಂದು ಯಜಮಾನರು ಏಸಿಯನ್ನು ಗೋಡೆಯಿಂದಲೇ ಏರಿಸಿ ಇಳಿಸುವ ಈ ಪೆಟ್ಟಿಗೆ ತಂದರು. ಬೆಳಗ್ಗೆ ಅದನ್ನು ಗೋಡೆಗೆ ಕೂರಿಸಿ, ಇಪ್ಪತ್ತಾರು ಎಂಬ ಅಂಕಿ ಮೂಡಿದ್ದನ್ನು ನೋಡಿ, ಗಜಕಡ್ಡಿಯನ್ನು ಕರೆದರು.

ಗಜಕಡ್ಡಿ ಎಂದರೆ ಪರದೆ ಬಟ್ಟೆ ಅಳೆಯುವವನು. ಇಪ್ಪತ್ತು ವರ್ಷ ಗಜಕಡ್ಡಿ ಹಿಡಿದು ಅದರಂತೆಯೇ ಆಗಿದ್ದ. ಪಕ್ಕಕ್ಕೆ ತಿರುಗಿದರೆ ಕಾಣುತ್ತಿರಲಿಲ್ಲ.

"ಇದರ ಉಸ್ತುವಾರಿ ನಿಂದು. ಬೇರೆ ಯಾರೂ ಮುಟ್ಟಬಾರದು. ಕರೆಂಟೂ ಉಳೀಬೇಕು, ಸೆಕೆ ಅಂತಾಗ್ಲಿ ಚಳಿ ಅಂತಾಗ್ಲಿ ಒಂದು ದೂರೂ ನನ್ನ ಕಿವಿಗೆ ಬೀಳಬಾರದು. ಬಿತ್ತೋ, ನಾಳೆಯಿಂದ ನೀನು ಗೋಡೌನಿಗೆ."

ಗೋಡೌನಿನ ಮಾಡು ತಗಡಿನದು. ಹೋದ ವರ್ಷ ಅಲ್ಲಿಗೆ ದ್ರಾಕ್ಷಿಯಂತೆ ಹೋದವನೊಬ್ಬ ಒಣದ್ರಾಕ್ಷಿಯಾಗಿ ಮರಳಿದ್ದ. ಯಜಮಾನರು ಹಳೆಯ ರಿಮೋಟನ್ನು ಜೇಬಿಗಿಳಿಸಿ ಹೊರಡುವಾಗ, ಯಾರೋ ಬಂದು ಏನೋ ಸಣ್ಣ ಕೆಲಸ ಮುಗಿಸುತ್ತಾರೆ ಎಂದೂ ಹೇಳಿದರು. ಗಜಕಡ್ಡಿಯ ಕಿವಿಯಲ್ಲಿ ಗೋಡೌನು ತುಂಬಿತ್ತು. ಆ ಮಾತು ಒಳಗೆ ಇಳಿಯಲಿಲ್ಲ.

ಹತ್ತೂವರೆಗೆ ಕ್ಯಾಶಿನಲ್ಲಿ ಕೂರುವ ಅಕ್ಕ ಸೆರಗು ಹೊದ್ದುಕೊಂಡು ಬಂದಳು. ಮೂಳೆ ಕೊರೆಯುತ್ತಿದೆ, ಒಂದು ಸ್ವಲ್ಪ ಏರಿಸು ತಮ್ಮಾ ಎಂದಳು. ಗಜಕಡ್ಡಿ ಗುಂಡಿ ಒತ್ತಿದ. ಇಪ್ಪತ್ತೆಂಟು ಬಂತು. ಅವನಿನ್ನೂ ಬೆರಳು ತೆಗೆದಿರಲಿಲ್ಲ, ಅಕ್ಕ "ಈಗ ಜೀವ ಬಂತು" ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಆಕೆಗೆ ಬಂದ ಜೀವ ಬಾಮೈದನಿಂದಲೇ ಹೊರಟಂತಿತ್ತು. ಈತ ಯಜಮಾನರ ಹೆಂಡತಿಯ ತಮ್ಮ. ಹಾಸಿಗೆ ಎಷ್ಟು ಮೆತ್ತಗಿದೆ ಎಂದು ಗಿರಾಕಿಗಳಿಗೆ ಮಲಗಿ ತೋರಿಸುವುದು ಅವನ ಕೆಲಸ. ಗಿರಾಕಿಗಳಿಲ್ಲದಾಗಲೂ ನಿಷ್ಠೆಯಿಂದ ಮಾಡುತ್ತಿದ್ದ. ಮಲಗಿದಲ್ಲಿಂದಲೇ ಗೋಡೆಯ ಅಂಕಿ ಓದಿ ಕಾಲರು ಸಡಿಲಿಸಿದ.

"ಏನಯ್ಯಾ, ಒಲೆ ಹಚ್ಚಿದೀಯಾ? ನಮ್ಮಕ್ಕನಿಗೆ ಒಂದು ಫೋನ್ ಹಾಕ್ಲಾ?"

ಅವನ ಅಕ್ಕನಿಗೆ ಹೋದ ಮಾತು ಯಜಮಾನರ ಕಿವಿ ಸೇರಲು ಒಂದು ತುತ್ತಿನ ಹೊತ್ತು ಸಾಕು. ಗಜಕಡ್ಡಿ ಇಪ್ಪತ್ಮೂರಕ್ಕೆ ಇಳಿಸಿದ. ಬಾಮೈದ ಸ್ವರ್ಗ ಎಂದ. ಕ್ಯಾಶಿನ ಕಡೆಯಿಂದ ಸೀನು ಕೇಳಿಸಿತು.

ಮಧ್ಯಾಹ್ನದವರೆಗೂ ಹೀಗೇ ನಡೆಯಿತು. ಗಜಕಡ್ಡಿ ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಪರದೆ ಕೊಳ್ಳಲು ಬಂದ ಅತ್ತೆಗೆ ಸೆಕೆಯಾದರೆ ಸೊಸೆಗೆ ಚಳಿ. ಅವನು ಅಂಕಿಗೆ ಬೆನ್ನು ಅಡ್ಡ ಹಿಡಿದು ಅತ್ತೆಯ ಕಿವಿಯಲ್ಲಿ ಇಪ್ಪತ್ತೆರಡು, ಸೊಸೆಯ ಕಿವಿಯಲ್ಲಿ ಇಪ್ಪತ್ತೆಂಟು ಎಂದ. ಇಬ್ಬರಿಗೂ ಹಾಯೆನಿಸಿತು. ತನಗೆ ಹೇಗಿದೆ ಎಂದು ಯೋಚಿಸಿದರೆ ಗಜಕಡ್ಡಿಗೆ ತಿಳಿಯಲಿಲ್ಲ. ಬೆವರು ಬರುತ್ತಿತ್ತು, ಅದು ತಣ್ಣಗಿತ್ತು.

ಮೂರು ಗಂಟೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದು ದಪ್ಪ ರಗ್ಗು ಕೇಳಿದರು. ಹೊದ್ದುನೋಡಿ ತಲೆಯಾಡಿಸಿದರು.

"ಚಳಿಯೇ ಇಲ್ಲದೆ ರಗ್ಗಿನ ಗುಣ ಹೆಂಗಯ್ಯಾ ಗೊತ್ತಾಗೋದು? ಚಳಿ ಮಾಡು."

ವ್ಯಾಪಾರ ಕೆಟ್ಟರೆ ಫೋನು ಖಂಡಿತ ಎಂದು ಬಾಮೈದ ಕಣ್ಣಲ್ಲೇ ಹೇಳಿದ. ಗಜಕಡ್ಡಿ ಕಣ್ಣು ಮುಚ್ಚಿ ಒತ್ತುತ್ತಾ ಹೋದ. ಹದಿನೆಂಟು. ಕ್ಯಾಶಿನ ಅಕ್ಕ ಮಾದರಿಗೆ ತೂಗುಹಾಕಿದ್ದ ಪರದೆಯನ್ನೇ ಎಳೆದು ಸುತ್ತಿಕೊಂಡಳು. ಅಂಚು ಹೊಲಿಯುವ ದರ್ಜಿ ಇಸ್ತ್ರಿಪೆಟ್ಟಿಗೆಯ ಮೇಲೆ ಕೈ ಕಾಯಿಸಿಕೊಂಡ. ಮೇಷ್ಟ್ರ ಹಲ್ಲು ಕಟಕಟ ಎಂದವು. ಒಂದು ರಗ್ಗಿಗೆ ಬಂದವರು ಎರಡು ಒಯ್ದರು.

ಐದಕ್ಕೆ ಯಜಮಾನರ ಸ್ಕೂಟರಿನ ಸದ್ದು ಕೇಳಿಸಿದ್ದೇ ಗಜಕಡ್ಡಿ ಇಪ್ಪತ್ತಾರಕ್ಕೆ ಹಾರಿಸಿದ. ಎಲ್ಲರೂ ಬಿಸಿಲು ಕಂಡ ಬೆಕ್ಕುಗಳಂತೆ ಮೈ ಬಿಚ್ಚಿದರು. ಯಜಮಾನರು ಮೊದಲು ಕರೆಂಟಿನ ಮೀಟರು ನೋಡಿದರು. ಎಂದಿನ ಅರ್ಧವೂ ಓಡಿರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು. ಅಕ್ಕನಿಗೆ ಹದವಾಗಿತ್ತು, ದರ್ಜಿಗೆ ಹಿತವಾಗಿತ್ತು, ಬಾಮೈದ ಎದ್ದು ಕೂತು ಹೊಗಳಿದ. ಗಜಕಡ್ಡಿಯ ಎದೆ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ಇಂಚು ಅಗಲವಾಯಿತು.

ಅಷ್ಟರಲ್ಲಿ ಕರೆಂಟು ಕೆಲಸದ ವೈರಿನವನು ಒಳಗೆ ಬಂದ. ಹೆಗಲ ಮೇಲೆ ತಂತಿಯ ಸುರುಳಿ.

"ತಡ ಆಯ್ತು ಸ್ವಾಮಿ. ಪೆಟ್ಟಿಗೆಗೂ ಏಸಿಗೂ ಕನೆಕ್ಷನ್ ಕೊಡ್ಬೇಕಂದ್ರಲ್ಲ, ಎಲ್ಲಿದೆ ಅದು?"

ಬೆಳಗ್ಗೆಯೇ ಬಾ ಅಂದಿದ್ದೆನಲ್ಲ ಎಂದರು ಯಜಮಾನರು. ಪೆಟ್ಟಿಗೆ ಕೆಲಸ ಮಾಡುತ್ತಿದೆ, ತಾನೇ ಒತ್ತಿದ್ದೇನೆ ಎಂದ ಗಜಕಡ್ಡಿ. ವೈರಿನವನು ಅದರ ಮುಚ್ಚಳ ಬಿಚ್ಚಿ ತೋರಿಸಿದ.

"ಒಳಗೆ ಎರಡು ಸೆಲ್ ಇದೆ, ಅಂಕಿ ತೋರ್ಸುತ್ತೆ ಅಷ್ಟೆ. ಏಸಿಗೂ ಇದಕ್ಕೂ ಇನ್ನೂ ಸಂಬಂಧನೇ ಕುದುರಿಲ್ಲ."

ಯಜಮಾನರು ಜೇಬಿನಿಂದ ರಿಮೋಟು ತೆಗೆದು ನೋಡಿದರು. ಬೆಳಗ್ಗೆ ಅವರೇ ಇಟ್ಟ ಇಪ್ಪತ್ತಾರು ಹಾಗೇ ಇತ್ತು. ಅಕ್ಕ ಮೆಲ್ಲಗೆ ಪರದೆ ಮಡಚಿದಳು. ಬಾಮೈದನಿಗೆ ಒಮ್ಮೆಲೇ ಸೆಕೆ ಶುರುವಾಯಿತು.

ಗಜಕಡ್ಡಿ ತಲೆ ತಗ್ಗಿಸಿ ಗೋಡೌನಿಗಾಗಿ ಕಾದ. ಆದರೆ ಯಜಮಾನರು ಅವನ ಬೆನ್ನು ತಟ್ಟಿದರು.

"ತಂತಿನೇ ಇಲ್ಲದೆ ಇಡೀ ಅಂಗಡಿನ ತಂಪಾಗಿಟ್ಯಲ್ಲೋ. ನಿನ್ನಂಥವನು ಏಸಿ ಇರೋ ಕಡೆ ಯಾಕೆ ದಂಡ? ಗೋಡೌನಿನವರು ಸೆಕೆ ಸೆಕೆ ಅಂತ ವರ್ಷದಿಂದ ಪ್ರಾಣ ತಿಂತಿದಾರೆ. ನಾಳೆ ಬೆಳಗ್ಗೆನೇ ಅಲ್ಲಿಗೆ ಹೋಗು. ಪೆಟ್ಟಿಗೆನೂ ತಗೊಂಡು ಹೋಗು."

ಇದು ಬಡ್ತಿಯೋ ಶಿಕ್ಷೆಯೋ ಎಂದು ಗಜಕಡ್ಡಿಗೆ ಹೊಳೆಯಲಿಲ್ಲ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ. ವೈರಿನವನು ಹಿಂದೆಯೇ ಓಡಿಬಂದು ಅವನ ಜೇಬಿಗೆ ಏನೋ ತುರುಕಿದ.

"ಎರಡು ಹೊಸ ಸೆಲ್ಲು, ಇಟ್ಕೊಳ್ಳಿ ಅಣ್ಣಾ," ಎಂದ ಕಾಳಜಿಯಿಂದ. "ಹಳೇದು ಮುಗಿದುಹೋದ್ರೆ, ಅಲ್ಲಿ ವಿಪರೀತ ಸೆಕೆ ಆಗುತ್ತೆ."