ನಾನು ಹುಟ್ಟಿಸಿದ ಸೂರ್ಯ

ಕಟ್ಟಡದ ನಕ್ಷೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಚೆನ್ನೈಯಲ್ಲಿ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹಾಗಾಗಿ ಹೆಂಡತಿ ಸುಮತಿಯ ಅಣ್ಣ ರಾಘವಣ್ಣ ಅಂಬತ್ತೂರಿನಲ್ಲಿ ತನ್ನ ಸಸ್ಯಾಹಾರಿ ಹೋಟೆಲಿನ ಹೊಸ ಶಾಖೆ ಕಟ್ಟಿಸುತ್ತೇನೆಂದಾಗ, ನಕ್ಷೆ ನನ್ನದೇ ಎಂದುಬಿಟ್ಟೆ. ಇನ್ನೊಬ್ಬರ ಆಫೀಸಿನಲ್ಲಿ ತಲೆ ಬಗ್ಗಿಸಿ ಗೆರೆ ಎಳೆದದ್ದು ಸಾಕಾಗಿತ್ತು. ಇದು ಸ್ವಂತ ಹೆಸರಿನ ಮೊದಲ ಕೆಲಸ! ಕೈತಪ್ಪಿದರೆ ಮತ್ತೆ ಅದೇ ಕುರ್ಚಿ, ಜೊತೆಗೆ ಹೆಂಡತಿಯ ತವರಿನವರ ನಗು.

ಕಾಲಕ್ಕೆ ತಕ್ಕಂತೆ ಇರಲೆಂದು ಕೋಡಂಬಾಕ್ಕಂನ ಒಂದು ತರಗತಿಗೆ ಸೇರಿ ಕಟ್ಟಡವನ್ನು ಕಂಪ್ಯೂಟರಿನಲ್ಲೇ ಕಟ್ಟಿ ತೋರಿಸುವ ಬಿಮ್ ಸಾಫ್ಟ್‌ವೇರ್ ಕಲಿತೆ. ಕಲಿತೆ ಎಂಬುದು ನನ್ನ ಹೇಳಿಕೆ ಮಾತ್ರ. ಅದರಲ್ಲಿ ಗೋಡೆಯೆಂದರೆ ಎರಡು ಗೆರೆಯಲ್ಲ, ಇಟ್ಟಿಗೆ ಗಾರೆ ಸಮೇತ ಎದ್ದು ನಿಲ್ಲುವ ಗೋಡೆ. ನಕ್ಷೆಯಲ್ಲಿ ಕಿಟಕಿ ಸರಿಸಿದರೆ ಮುಂಭಾಗದ ಚಿತ್ರದಲ್ಲೂ ತಾನಾಗಿ ಸರಿಯುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ಸುಮತಿಯನ್ನು ಕರೆದು ತೋರಿಸಿದೆ. ಮನೆಯಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದವರು ಇಷ್ಟೆಲ್ಲ ಕಟ್ಟಿದರೇ ಎಂದು ಅವಳಿಗೂ ಆಶ್ಚರ್ಯ.

ಒಂದು ದಿನ ಅಡ್ಡಲಾಗಿ ಬೇಡದ ಗೆರೆಯೊಂದು ಕಂಡಿತು. ಅಳಿಸಹೊರಟೆ. ಇದರ ಜೊತೆ ಇನ್ನೂ ಏನೇನೋ ಹೋಗುತ್ತದೆ, ಆಗಬಹುದೇ ಎಂದು ಸಾಫ್ಟ್‌ವೇರ್ ವಿನಯದಿಂದ ಕೇಳಿತು. ಮದುವೆಯಾದಂದಿನಿಂದ ಕೇಳಿದ್ದಕ್ಕೆಲ್ಲ ಓಕೆ ಎನ್ನುವುದು ನನಗೆ ರೂಢಿ. ಒತ್ತಿದೆ. ಆ ಗೆರೆ ಇಡೀ ಕಟ್ಟಡ ನಿಂತಿದ್ದ ನೆಲಮಹಡಿಯ ಮಟ್ಟವಂತೆ. ಹೋಟೆಲೇ ಮಾಯ! ಮಾಡಿದ್ದನ್ನು ರದ್ದು ಮಾಡುವ ಗುಂಡಿಯನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ರಾಘವಣ್ಣನ ಷರತ್ತು ಒಂದೇ: ಒಲೆ ಆಗ್ನೇಯಕ್ಕೆ, ದೇವರು ಈಶಾನ್ಯಕ್ಕೆ. ವಾಸ್ತು ತಪ್ಪಿದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದರು. ನಾನು ಅಭ್ಯಾಸಬಲದಿಂದ ರಸ್ತೆಯನ್ನು ಪರದೆಯ ಕೆಳಗಿಟ್ಟು, ಮೇಲಿನದೇ ಉತ್ತರವೆಂದುಕೊಂಡು ಎಲ್ಲವನ್ನೂ ಕೂರಿಸಿದೆ. ಟಾಯ್ಲೆಟ್ಟು ವಾಯವ್ಯಕ್ಕೆ. ಕೊನೆಗೆ, ರಾಘವಣ್ಣನಿಗೆ ತೋರಿಸಲು ಪರದೆಯ ಮೇಲೆ ಒಂದು ಸೂರ್ಯೋದಯವೂ ಇರಲಿ ಎನಿಸಿತು. ನಿಜವಾದ ಉತ್ತರ ದಿಕ್ಕು ಯಾವ ಕಡೆ ಎಂದು ಸಾಫ್ಟ್‌ವೇರ್ ಕೇಳಿತು. ಸರ್ವೆ ನಕ್ಷೆ ನೋಡಿ, ಎಡಗಡೆ ಎಂದು ಪ್ರಾಮಾಣಿಕವಾಗಿ ತುಂಬಿ ಊಟಕ್ಕೆ ಎದ್ದೆ. ಯೋಚನೆಯನ್ನೇನೂ ಮಾಡಲಿಲ್ಲ.

ಮರುದಿನ ರಾಘವಣ್ಣ ಬಂದು ಕಾಫಿ ಹಿಡಿದು ಕೂತರು. ಗಂಭೀರವಾಗಿ ಸೂರ್ಯನನ್ನು ಹುಟ್ಟಿಸಿದೆ. ಎಂಥ ಬೆಳಕು! ನೆಲವೆಲ್ಲ ಹೊಂಬಣ್ಣ, ಕಂಬಗಳಿಗೆ ಉದ್ದುದ್ದ ನೆರಳು. ನಾನೇ ಬಾಯಿ ಬಿಟ್ಟು ನೋಡಿದೆ. ಆ ಪವಿತ್ರವಾದ ಎಳೆಬಿಸಿಲು ನಿಧಾನವಾಗಿ ಜಾರಿ, ಕಿಂಡಿಯಿಂದ ಇಳಿದು, ನೇರವಾಗಿ ಕಮೋಡಿನ ಮೇಲೆ ಬಿತ್ತು.

ರಾಘವಣ್ಣ ಲೋಟ ಕೆಳಗಿಟ್ಟರು. "ಭಾವ, ಈಶಾನ್ಯದಲ್ಲಿ ಇದೆಂತ?"

ಉತ್ತರ ಎಡಗಡೆಯಾದ ಮೇಲೆ ನನ್ನ ವಾಯವ್ಯವೇ ಈಶಾನ್ಯವಾಗಿತ್ತು. ಒಂದು ನಿಮಿಷ ಎಂದು ಇಡೀ ಕಟ್ಟಡವನ್ನೇ ತಿರುಗಿಸಿದೆ. ಒಲೆ ಆಗ್ನೇಯಕ್ಕೆ ಬಂತು, ದೇವರು ಈಶಾನ್ಯಕ್ಕೆ ಬಂದರು, ಮುಂಬಾಗಿಲು ಪಕ್ಕದ ಬಿರಿಯಾನಿ ಅಂಗಡಿಯ ಗೋಡೆಗೆ ಹೋಗಿ ನಿಂತಿತು. ಸುಮತಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನನಗೆ ಅಲ್ಲೇ ನೆಲ ಬಿರಿಯಬಾರದೇ ಎನಿಸಿತು.

ರಾಘವಣ್ಣನ ಕಣ್ಣು ಮಾತ್ರ ಪರದೆಯಿಂದ ಕದಲಿರಲಿಲ್ಲ. ಕಟ್ಟುವ ಮೊದಲೇ ತಪ್ಪನ್ನೆಲ್ಲ ತೋರಿಸಿಬಿಟ್ಟಿತಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ನನ್ನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಭಾರೀ ಲಾಯ್ಕುಂಟು ಭಾವ, ಈ ಸಾಫ್ಟ್‌ವೇರು. ಇದನ್ನು ಕಲಿತವರು ಯಾರಾದರೂ ನಿಮಗೆ ಗೊತ್ತುಂಟಾ?"